ಲಿಫ್ಟಿನ ನಾಣ್ಯ

ಬಾತುಮಿಯ ಬಂದರಿನ ಹಿಂದೆ, ಆರನೇ ಮಹಡಿ.
ನಮ್ಮ ಲಿಫ್ಟು ನಾಣ್ಯ ನುಂಗದೆ ಮೇಲೇಳುವುದಿಲ್ಲ,
ಹತ್ತು ತೆತ್ರಿ. ಇಳಿಯುವಾಗ ಮಾತ್ರ ಧರ್ಮಕ್ಕೆ ಇಳಿಸುತ್ತದೆ.
ಸೊಂಟ ಹಿಡಿದುಕೊಂಡು ಬಂದವರು ಕೆಳಗೆ ನಿಂತು
ಜೇಬು ತಡಕಿ ಗೊಣಗುವುದು
ಗೂಡಿನೊಳಗಿಂದ ನನ್ನ ಬಾಗಿಲವರೆಗೂ ಏರಿ ಬರುತ್ತದೆ.

ಅದಕ್ಕೇ ಹೊಸ್ತಿಲ ಬಳಿ ಒಂದು ಹಿತ್ತಾಳೆ ಬಟ್ಟಲು.
ಹೊರಟವರ ಅಂಗೈಗೆ ಒಂದು ನಾಣ್ಯ ಇಡುತ್ತೇನೆ:
"ಮುಂದಿನ ಸಲ ಹತ್ತಲಿಕ್ಕೆ."
ಹದಿನೇಳು ವರ್ಷದಿಂದ ನನ್ನ ವ್ಯಾಪಾರದ ಗುಟ್ಟು ಇಷ್ಟೇ
ಎಂದರೆ ಮಗಳು ತೇಕ್ಲೆ ನಗುತ್ತಾಳೆ.

ಹೋಟೆಲಿನಲ್ಲಿ ದುಡಿಯುವವಳು ಅವಳು, ಲೆಕ್ಕ ಬಲ್ಲವಳು.
ಕಾರ್ಡು ಮಾಡಿಸಮ್ಮ ಎನ್ನುತ್ತಾಳೆ,
ಹತ್ತು ತೂತು ಬಿದ್ದರೆ ಒಂದು ಸಲ ಪುಕ್ಕಟೆ.
ಬರದವರಿಗೆ ಮೆಸೇಜು ಹಾಕು, 'ನಿಮ್ಮ ನೆನಪಾಗುತ್ತಿದೆ' ಅಂತ,
ಕೊನೆಗೊಂದು ಹೂವಿನ ಚಿತ್ರ.
ಎದುರು ರಸ್ತೆಯ ಹೊಸ ಸ್ಪಾದವರು ಹಾಕುತ್ತಾರಂತೆ.
ಸತ್ತವರಿಗೂ ಹಾಕುತ್ತಾರಂತೆ.

ನನ್ನದು ಒಂದು ನೋಟುಬುಕ್ಕು. ಎಣ್ಣೆ ಕುಡಿದು ಕುಡಿದು
ಹಾಳೆಗಳು ಗಾಜಾಗಿ, ಒಬ್ಬರ ಬೆನ್ನಿನಲ್ಲಿ
ಇನ್ನೊಬ್ಬರ ಬೆನ್ನು ಕಾಣುತ್ತದೆ.
ಪಿಯಾನೊ ಟೀಚರ್ ಲಮಾರಾ: ಬಲ ಮಣಿಕಟ್ಟು. ಕೈ ಬಿಸಿ ಮಾಡಿಕೊಂಡೇ ಮುಟ್ಟು.
ಕಸ್ಟಮ್ಸಿನ ಹುಡುಗ: ಕಚಗುಳಿ. ಪಾದ ಬೇಡ.
ಬೇಕರಿಯ ಎತೇರಿ: ಎರಡೂ ಭುಜ. ಅಣ್ಣನ ಸುದ್ದಿ ಎತ್ತಬೇಡ.

ಎತೇರಿ ಒಂದು ಚಳಿಗಾಲ ಸ್ಪಾಕ್ಕೆ ಹೋಗಿ ಬಂದಳು.
ಅವಳು ಹೇಳಲಿಲ್ಲ, ಭುಜ ಹೇಳಿತು:
ಯಾರೋ ಅವಸರದಲ್ಲಿ ನಾದಿಟ್ಟ ಹಿಟ್ಟು.
ನಾನೂ ಕೇಳಲಿಲ್ಲ.
ಹೇಜಲ್ ಕಾಯಿಯ ಎಣ್ಣೆ ಬಿಸಿಗಿಟ್ಟೆ.

ವಾಸಿಯಾದವರನ್ನು ನಾನೇ ಅಟ್ಟುತ್ತೇನೆ:
"ಮೂರು ತಿಂಗಳು ಈ ಕಡೆ ತಲೆ ಹಾಕಬೇಡಿ, ದುಡ್ಡು ದಂಡ."
ತೇಕ್ಲೆ ಹಣೆ ಚಚ್ಚಿಕೊಳ್ಳುತ್ತಾಳೆ.
ಹಾಗೆ ಅಟ್ಟಿಸಿಕೊಂಡವರೇ ತಮ್ಮ ಅತ್ತೆಯನ್ನು, ಮೇಸ್ತ್ರಿಯನ್ನು,
ಮಾತು ಬಿಟ್ಟ ನೆರೆಯವನನ್ನೂ ಇಲ್ಲಿಗೆ ಕಳಿಸುತ್ತಾರೆ.
ನೇರ ಮಾತಿನವಳು ನಾನು.
ಹಾಗಂದುಕೊಂಡಿದ್ದೆ.

ಜುಂಬೇರ್ ಬಂದರಿನ ಕ್ರೇನು ನಡೆಸುವವನು.
ಮುಗಿಲ ಮಗ್ಗುಲಲ್ಲಿ ಕೂತು ದಿನವಿಡೀ ಕೆಳಗೇ ನೋಡಿ
ಕತ್ತು ಕೊಡೆಯ ಹಿಡಿಯಾಗಿತ್ತು,
ಏಣಿ ಹತ್ತಿ ಹತ್ತಿ ಮಂಡಿ ಸವೆದಿತ್ತು.
ಪ್ರತಿ ಗುರುವಾರ, ಪಾಳಿ ಮುಗಿಸಿ, ಕೂದಲಲ್ಲಿ ಉಪ್ಪುಗಾಳಿ.
ಅವನು ಮಲಗಿದಾಗ ಮೇಜು ಕಿರುಗುಟ್ಟುತ್ತದೆ,
ನಮ್ಮ ನಡುವಿನ ಮಾತುಕತೆ ಬಹುಪಾಲು ಅಷ್ಟೇ.

ನಿನ್ನೆ ಬಂದವನು ಜಾಕೆಟ್ಟಿನಿಂದ ಒಂದು ಕಾಲುಚೀಲ ತೆಗೆದು
ಬಟ್ಟಲಿಗೆ ಸುರಿದ. ಇಪ್ಪತ್ತಾರು ನಾಣ್ಯ.
"ಮಾರ್ಚಿನಿಂದ ಮೆಟ್ಟಿಲು ಹತ್ತಿಯೇ ಬರುತ್ತಿದ್ದೇನೆ,"
ಕದ್ದದ್ದನ್ನು ಒಪ್ಪಿಸುವ ಹುಡುಗನ ದನಿ.
ತೊಂಬತ್ತಾರು ಮೆಟ್ಟಿಲು.
ಏದುಸಿರೂ ಇಲ್ಲ.

ಮತ್ತೆ ಯಾಕೆ ಬರುತ್ತೀಯಪ್ಪ ಎಂದು ಕೇಳುವ ಸರದಿ ನನ್ನದು.
ಮಾತು ನಾಲಗೆಯ ತುದಿಗೆ ಬಂದು ಅಲ್ಲೇ ಕೂತಿತು.
ಏಕೆಂದರೆ ನನ್ನ ಹೆಬ್ಬೆರಳುಗಳಿಗೆ
ಏಪ್ರಿಲಿನಲ್ಲೇ ಗೊತ್ತಿತ್ತು.
ಕತ್ತಿನ ಗಂಟು ಕರಗಿತ್ತು,
ಮಂಡಿ ಎಣ್ಣೆ ಬಿಟ್ಟ ತಿರುಗಣೆಯ ಹಾಗೆ ಆಡುತ್ತಿತ್ತು.
ಊರಿಗೆಲ್ಲ ಹೇಳುವ ಮಾತನ್ನು ಅವನೊಬ್ಬನಿಗೆ ಹೇಳಿರಲಿಲ್ಲ.
ನೋಟುಬುಕ್ಕು ತೆಗೆದು ನೋಡಿದರೆ ಅವನ ಪುಟದಲ್ಲಿ
ನೋವು ಇಲ್ಲ, ಜಾಗ ಇಲ್ಲ,
ಬರೀ ಗುರುವಾರ, ಗುರುವಾರ, ಗುರುವಾರ.

ಯಾರು ಯಾರನ್ನು ಹಿಡಿದಿಟ್ಟರೋ ಈ ವ್ಯಾಪಾರದಲ್ಲಿ.

"ಇವತ್ತಿನ ಹಣ ಬೇಡ" ಎಂದೆ.
"ಹಾಗಾದರೆ ನಾಳೆಯಿಂದ ಬರಲಿಕ್ಕಾಗುವುದಿಲ್ಲ" ಎಂದ,
ಎಣಿಸಿ ಮೇಜಿನ ಮೇಲಿಟ್ಟ.
ಕಳಿಸುವಾಗ ರೂಢಿಯ ಕೈ ಬಟ್ಟಲಿಗೆ ಹೋಯಿತು.
ಹೋದದ್ದು ಹೋಯಿತೆಂದು ಒಂದು ನಾಣ್ಯ ಎತ್ತಿ ಕೊಟ್ಟೆ.
ತೆಗೆದುಕೊಂಡ.

ಲಿಫ್ಟು ಅಲ್ಲೇ ಬಾಯಿ ತೆರೆದು ನಿಂತಿತ್ತು,
ಧರ್ಮಕ್ಕೆ ಇಳಿಸಲು.
ಮೆಟ್ಟಿಲ ಮೇಲೆ ಬೂಟಿನ ಸದ್ದು ಇಳಿಯುತ್ತ ಹೋಯಿತು,
ನಾನು ತೊಂಬತ್ತಾರರವರೆಗೂ ಎಣಿಸಿದೆ.