ಟಾಕಿ ತುಂಬಿದ ದಿನ

ಇಷ್ಟು ದಿನ ಇನ್ನೂರು, ಹೆಚ್ಚೆಂದರೆ ಮುನ್ನೂರು.
ಮೋಶಿಯ ಪಂಪಿನ ಹುಡುಗ ನಮ್ಮ ಗಾಡಿ ಕಂಡರೆ
ಕೇಳದೆಯೇ ಎರಡು, ಸೊನ್ನೆ, ಸೊನ್ನೆ ಒತ್ತುತ್ತಿದ್ದ.
ಈ ಭಾನುವಾರ ಕಿಸೆಯಲ್ಲಿ ಬೋನಸ್ಸು. ಗುರುಸಿದ್ಧ ಕತ್ತು ಹೊರಹಾಕಿ
‘ಫುಲ್ ಕರ್’ ಅಂದ,
ನಮ್ಮ ಮದುವೆಯಲ್ಲೂ ಅಷ್ಟು ಜೋರಾಗಿ ಮಾತಾಡದವನು.

ಗಾಡಿ ಅಂದರೆ, ಗುಜರಿಯ ಮಾರುತಿಯ ಎಂಜಿನ್ನು,
ಪೆಟ್ಟಿಗೆಗಳಲ್ಲಿ ಬಂದ ಫೈಬರ್ ಮೈ,
ಭೋಸರಿಯ ಶೆಡ್ಡಿನಲ್ಲಿ ಮೂರು ವರ್ಷದ ಭಾನುವಾರಗಳು,
ನನ್ನ ಹಳೆಯ ಗಾದಿಯ ಅರಳೆ ತುಂಬಿದ ಎರಡು ಸೀಟು.
ಬಾಗಿಲು ಇನ್ನೂ ಒಂದೇ ಕಡೆ ತೆರೆಯುತ್ತದೆ.

ಸ್ಪೈನ್ ರೋಡಿನ ತಿರುವಿನಲ್ಲಿ ವಾಸನೆ ಮೊದಲು ನನಗೇ ಬಂತು.
‘ಪಂಪಿಂದು, ಕೈಗೆ ಹತ್ತಿರ್ತದ’ ಅಂದ.
ಆಮೇಲೆ ‘ಮುಂದಿನ ಲಾರೀದು.’
ಲಾರಿ ಚಾಕಣದ ಕಡೆ ಹೊರಳಿತು. ವಾಸನೆ ಕೂತೇ ಇತ್ತು
ನಮ್ಮಿಬ್ಬರ ನಡುವೆ, ಸೀಟೇ ಇಲ್ಲದ ಜಾಗದಲ್ಲಿ.

ಶೆಡ್ಡಿಗೆ ತಂದು ಬ್ಯಾಟರಿಯ ತಂತಿ ಬಿಚ್ಚಿದ.
ಪಕ್ಕದ ವೆಲ್ಡಿಂಗಿನ ಜಾಲಿಂದರನಿಗೆ ಕೈಮುಗಿದು
ಒಂದು ತಾಸು ಕಿಡಿ ನಿಲ್ಲಿಸಿದ.
ಕಾರ್ಬುರೇಟರು ಒಣ. ಪೈಪಿನುದ್ದಕ್ಕೂ ಬೆರಳೆಳೆದ, ಒಣ.
ತುಂಬುವ ಬಾಯಿಯ ರಬ್ಬರು ಹಿಚುಕಿದ, ಅದೂ ಒಣ.
ನಶ್ಯ ಏರಿಸಿದ ಮೂಗು ಅವನದು, ಸಾಕ್ಷಿಗೆ ಬಾರದು.
‘ನೀನ ನೋಡು’ ಅಂದ. ಪಕ್ಕದ ಮನೆಯ ಹಾಲು ತಳ ಹಿಡಿದರೂ
ಹಾಸಿಗೆಯಿಂದಲೇ ಹೇಳುವ ಮೂಗು ನನ್ನದು.
ಸೀಟು ಎತ್ತಿ ಮಂಡಿಯೂರಿ ಟಾಕಿಯ ನೆತ್ತಿಗೆ ಮುಖ ಒಯ್ದೆ.
ತಲೆ ಧಿಮ್ಮೆಂದಿತು.

ಟ್ಯೂಬಿಗೆ ಬಳಿಯುವ ಪೌಡರು ಉದುರಿಸಿ
ಗಾಡಿಯನ್ನು ಹೆಗಲಿಂದ ತೂಗಿದ, ತೊಟ್ಟಿಲ ಹಾಗೆ.
ಒಳಗೆ ಗುಳುಗುಳು.
ಬಿಳಿಯ ಮೇಲೆ ಒಂದೇ ಕಡೆ ತೇವ ಮೂಡಿತು,
ಎಷ್ಟು ಪೆಟ್ರೋಲ್ ಉಳಿದಿದೆಯೆಂದು ಮುಳ್ಳಿಗೆ ಹೇಳುವ
ಪುಟ್ಟ ಡಬ್ಬಿಯ ಅಂಚಿಗೆ. ಐದು ತೂತು, ನಾಲ್ಕು ಸ್ಕ್ರೂ.
ಇನ್ನೂರರ ಪೆಟ್ರೋಲು ಅಲ್ಲಿಯ ತನಕ ಯಾವತ್ತೂ ಏರಿರಲಿಲ್ಲ.

‘ಐದನೇದು?’
ಅವನು ಪಾನಾ ಒರೆಸಿದ. ಒರೆಸಿದ್ದನ್ನೇ ಒರೆಸಿದ.
ಹೋದ ಶ್ರಾವಣದಲ್ಲಿ ಕುಕ್ಕರಿನ ಹಿಡಿ ಕಳಚಿ
ಬೇಳೆಯೆಲ್ಲ ಚೆಲ್ಲಿ ನಾನು ಕೂಗಾಡಿದ ರಾತ್ರಿ
ಎಲ್ಲಿಂದಲೋ ಒಂದು ಸ್ಕ್ರೂ ತಂದು ಬಿಗಿದಿದ್ದ, ಮಾತಿಲ್ಲದೆ.
ಎಷ್ಟು ಚೆಂದ ಕೂತದ ಅಂದವಳು ನಾನೇ.

ಹಾರ್ಡ್‌ವೇರ್ ಅಂಗಡಿ ಮುಚ್ಚಿತ್ತು. ಗಾಡಿಯ ಒಂದೇ ಬಾಗಿಲು
ಗಾಳಿಗೆ ತೆರೆದಿಟ್ಟು ಬಸ್ಸಿಗೆ ನಡೆದೆವು.
ಬಸ್ಸಿನಲ್ಲಿ ಜನ ನಮ್ಮಿಂದ ಸ್ವಲ್ಪ ಸರಿದು ಕೂತರು.
ಮನೆಯ ಹೊಸ್ತಿಲಲ್ಲಿ ಕೈ ಹಿಡಿದು ನಿಲ್ಲಿಸಿದ:
‘ಮೊದಲ ಜಳಕ ಮಾಡು. ಅಲ್ಲೀಮಟಾ ಗ್ಯಾಸ್ ಹಚ್ಚಬ್ಯಾಡ.’
ಬಚ್ಚಲಿಂದ ಕೇಳಿಸಿತು,
ಕುಕ್ಕರಿನ ಮೇಲೆ ಸ್ಕ್ರೂಡ್ರೈವರು ತಿರುಗುವ ಸದ್ದು.