‘ಳ’ ಬೀಳದ ಪೆಟ್ಟಿಗೆ

ಸಿದ್ದಾಪುರ ಪೇಟೆ. ಮೊಯ್ದುಟ್ಟಿಯವರ ಮಂಡಿ.
ಚೆರಿ ಮೂಟೆಗಳ ಮೇಲೆ ಕೂತ ಮೂವರು ಷೇರುದಾರರು,
ಮೂರು ಫೋನಿನಲ್ಲೂ ಒಂದೇ ಸುದ್ದಿ:
ಕಂಪ್ಯೂಟರ್ ಕಂಪನಿ ರಾತ್ರೋರಾತ್ರಿ
ಎಂಟು ಸಾವಿರ ಇಳಿಸಿದೆ,
ಮೆಮೊರಿ ದುಪ್ಪಟ್ಟು ಮಾಡಿದೆ,
ಷೇರು ಮಾತ್ರ ಶೇಕಡಾ ನಾಲ್ಕು ಜಾರಿದೆ.

“ಇದ್ಯಾವ ನ್ಯಾಯ?” ಎಂದರು ಸುಬೇದಾರ್ ಚಿಟ್ಟಿಯಪ್ಪ,
ಪಿಂಚಣಿ ಹಣದಲ್ಲಿ ನಲವತ್ತು ಷೇರು ಹಿಡಿದವರು.
“ಒಳ್ಳೆ ಮಾಲು, ಕಮ್ಮಿ ಕ್ರಯ. ಜನ ಮುಗಿಬೀಳ್ತಾರೆ.
ನಾನಂತೂ ಇನ್ನೂ ಹತ್ತು ತಗೊಳ್ತೇನೆ.”

ಬೊಳ್ಳಮ್ಮ ಕನ್ನಡಕದ ಮೇಲಿಂದ ನೋಡಿದರು,
ಮೂವತ್ತೆರಡು ವರ್ಷ ಸಹಕಾರ ಬ್ಯಾಂಕಿನಲ್ಲಿ
ಊರವರ ಭರವಸೆಗೆಲ್ಲ ಜಾಮೀನು ಕೇಳಿದ ಕಣ್ಣು.
“ತೂಕ ಹೆಚ್ಚು ಕೊಟ್ಟು ಕ್ರಯ ಇಳಿಸುವವನ ಮೆಣಸು
ಒಂದೋ ನೆನೆದಿರ್ತದೆ, ಇಲ್ಲ ಹಳೇದಿರ್ತದೆ.
ಗೋದಾಮಿನಲ್ಲಿ ಏನೋ ಉಳಿದುಂಟು ಸುಬೇದಾರ್ರೇ.
ಲಾಭದ ಔಟ್‌ಟರ್ನ್ ಕೇಳಿ ಮೊದಲು:
ಐವತ್ತು ಕಿಲೋ ಚೆರಿ ಒಡೆದರೆ
ಇಪ್ಪತ್ತೆಂಟು ಬರ್ತದಾ, ಇಪ್ಪತ್ತೆರಡಾ?”

ಜೀಪಿನ ಬಿಡಿಭಾಗ ಮಾರುವ ಯತೀಂದ್ರನಿಗೆ
ದರದ ಚಿಂತೆಯೇ ಇಲ್ಲ.
“ಮೆಮೊರಿಯನ್ನು ಬೋರ್ಡಿಗೇ ಬೆಸುಗೆ ಹಾಕಿದ್ದಾರೆ.
ಬಿಚ್ಚಲಿಕ್ಕಾಗದ ಗಾಡಿ ಯಾರಿಗೆ ಬೇಕು?
ನಾನು ನಿನ್ನೆಯೇ ಮಾರಿಬಿಟ್ಟೆ”
ಎಂದ, ನಿನ್ನೆ ಮಾರದವನ ಮುಖದಲ್ಲಿ.

ಮೊಯ್ದುಟ್ಟಿಯವರು ಕಾಳೊಂದನ್ನು ಕಚ್ಚಿ
ಅದರ ಸದ್ದು ಕೇಳಿ ಉಗಿದರು.
ತೇವ ಅಳೆಯುವ ಯಂತ್ರ ಮೇಜಿನ ಮೇಲೆ
ಸುಮ್ಮನಿತ್ತು.

ಜಾಲರಿಯ ಈಚೆ ನಾನು.
ನನ್ನೆದುರು ಅದೇ ಕಂಪನಿಯ ಪೆಟ್ಟಿಗೆ,
ಹನ್ನೊಂದು ಕೊಯ್ಲು ಕಂಡದ್ದು.
ಫ್ಯಾನಿನೊಳಗೆ ಕಾಫಿ ಹೊಟ್ಟು ಸೇರಿ
ಮಧ್ಯಾಹ್ನಕ್ಕೆ ಹುರಿದ ವಾಸನೆ.
ಬಿಲ್ಲು ತೆರೆ ಅಂದರೆ
ಚೋಂದು ಎರಡು ಮೂಟೆ ಇಳಿಸಿ ಬೀಡಿ ಹಚ್ಚುವಷ್ಟು ಹೊತ್ತು
ಯೋಚಿಸುತ್ತದೆ.
‘ಳ’ ಸತ್ತು ವರ್ಷಗಳಾದವು.
ಒತ್ತಿದರೆ ಏನೂ ಬೀಳದು, ‘ಲ’ ಹಾಕಿ ಸಾಗಿಸುತ್ತೇನೆ.
ಹಾಗಾಗಿ ನಮ್ಮ ಲೆಕ್ಕದಲ್ಲಿ
ಕಾಳುಮೆಣಸು ಕಾಲುಮೆಣಸು,
ಬೆಳೆ ಎಂದಲ್ಲೆಲ್ಲ ಬೆಲೆ.
ಒಮ್ಮೆ ಮಳೆ ಬಿದ್ದು ನೆನೆದ ಮಾಲಿಗೆ
ಮಲೆ ಬಿದ್ದು ಎಂದು ಚೀಟಿ ಕೊಟ್ಟೆ;
ಮಾದಾಪುರ ಕಡೆಯವರು, ನಗಲಿಲ್ಲ,
ಎರಡು ಸಲ ಓದಿ, ಮಡಚಿ ಜೇಬಿಗಿಟ್ಟರು.

“ನೀನು ಹೇಳು ಜಸಿಂತಾ” ಬೊಳ್ಳಮ್ಮ ತಿರುಗಿದರು,
“ದಿನವಿಡೀ ಅದರೊಟ್ಟಿಗೆ ಬಾಳುವವಳು.
ಷೇರು ಇಟ್ಟುಕೊಳ್ಳುವುದಾ, ಬಿಡುವುದಾ?”

“ನನಗೇನು ಗೊತ್ತು ಮೇಡಂ,
ದರ ಇಳಿದಿದೆಯಲ್ಲ,
ಮೊಯ್ದುಟ್ಟಿಕ್ಕ ಈ ಮಂಡಿಗೊಂದು ಹೊಸದು ತರ್ತಾರಾ, ಕೇಳಿ.”

ಮೂವರೂ ಜೋರಾಗಿ ನಕ್ಕರು.
ಮೊಯ್ದುಟ್ಟಿಯವರು ಇನ್ನೊಂದು ಕಾಳು ಕಚ್ಚಿದರು.

ಅಷ್ಟರಲ್ಲಿ ಪ್ರಿಂಟರ್ ಕೆಮ್ಮಿ ಚೀಟಿ ಹೊರಹಾಕಿತು:
ಚಿಟ್ಟಿಯಪ್ಪನವರಿಂದ, ಎಪ್ಪತ್ತು ಕಿಲೋ ಕಾಲುಮೆಣಸು,
ಈ ದಿನದ ದರದಲ್ಲಿ
ಕೊಲ್ಲಲಾಗಿದೆ.
ಸುಬೇದಾರ್ರು ಫೋನಿನಿಂದ ಕಣ್ಣು ತೆಗೆಯದೆ
ಸಹಿ ಹಾಕಿದರು.