ಬತ್ತಿ, ಬುತ್ತಿ, ಹತ್ತಿ

ದಪ್ಪ ಬಾಗಿಲು ಹಾಕಿದರೆ
ನನ್ನ ಉಸಿರೇ ನನಗೆ ದೊಡ್ಡದಾಗುವ ಕೋಣೆ.
ಗಾಜಿನಾಚೆ ಆ ಹುಡುಗಿ, ಸುಹಾಸಿನಿ,
ಬಾಯಿಗೆ ರಟ್ಟು ಮರೆಮಾಡಿ
ಒಂದೊಂದೇ ಮಾತು ಉದುರಿಸುತ್ತಾಳೆ:
ಬತ್ತಿ. ಬುತ್ತಿ. ಹತ್ತಿ. ಕತ್ತಿ.
ನಾನು ನಾಲ್ಕಕ್ಕೂ ಬುತ್ತಿ ಅಂದೆ.
ಹಸಿವಾಗಿತ್ತು, ಅದೂ ಒಂದು ಕಾರಣ.

ಇಪ್ಪತ್ತೊಂಬತ್ತು ವರ್ಷ ರೇಷ್ಮೆ ಮಿಲ್ಲಿನಲ್ಲಿ
ಮಗ್ಗ ಬಡಿದದ್ದು ನೂಲನ್ನು ಮಾತ್ರವಲ್ಲ.
ಅಲ್ಲಿ ಯಾರೂ ಯಾರನ್ನೂ ಕೂಗುತ್ತಿರಲಿಲ್ಲ.
ತುಟಿ ನೋಡಿ, ಬೆರಳು ನೋಡಿ
ರುಕಿಯಾಳ ಮದುವೆ, ಬಸಿರು, ಬಾಣಂತನ
ಎಲ್ಲ ನನಗೆ ಕಣ್ಣಲ್ಲೇ ಕೇಳಿಸಿತ್ತು.

ಆಮೇಲೆ ಒಂದು ಮೆಷಿನ್ನು, ಬಲಗಿವಿಗೆ.
ಅದಕ್ಕೆ ದೊಡ್ಡದು ಮಾಡುವುದೊಂದೇ ಗೊತ್ತು.
ಒಗ್ಗರಣೆ ಸಿಡಿದದ್ದು, ಆಟೋ ಕೆಮ್ಮಿದ್ದು,
ಮೊಮ್ಮಗು ಅಜ್ಜೀ ಅಂದದ್ದು
ಎಲ್ಲ ಒಂದೇ ಗೋಣಿಚೀಲಕ್ಕೆ ತುರುಕಿ
ತಲೆಯೊಳಗೆ ಸುರಿಯುತ್ತಿತ್ತು.
ನಾನು ಎಲ್ಲದಕ್ಕೂ ಹೂಂ ಅನ್ನುತ್ತಿದ್ದೆ.
ಹಾಗೆ ಹೂಂ ಅಂದೇ
ಎರಡು ಚೀಟಿ ಕಂತು, ಒಂದು ಹಿತ್ತಾಳೆ ಹಂಡೆ ಕಳಕೊಂಡೆ.

ಈಗ ಎರಡು.
ಎಡದ್ದಕ್ಕೂ ಬಲದ್ದಕ್ಕೂ ತಂತಿಯಿಲ್ಲದೆ
ಮಾತುಕತೆ ಇದೆ, ಅಂದಳು ಸುಹಾಸಿನಿ.
"ಸದ್ದು ಒಂದು ಕಿವಿಗೆ ಮೊದಲು ಬರುತ್ತೆ,
ಇನ್ನೊಂದಕ್ಕೆ ಕೂದಲೆಳೆಯಷ್ಟು ತಡ.
ಆ ತಡವನ್ನು ಇವು ಕೆಡಿಸದೆ ಕಾಯುತ್ತವೆ,
ಗದ್ದಲದಿಂದ ಎದುರಿನ ಮಾತನ್ನು ಹೆಕ್ಕಿ ಕೊಡುತ್ತವೆ."
ನನಗೆ ಹೊಳೆದದ್ದು ಇಷ್ಟು:
ತಲೆಯ ಗೋಡೆಯ ಆಚೀಚೆ
ಮಾತು ಬಿಟ್ಟು ಕೂತಿದ್ದ ಓರಗಿತ್ತಿಯರು
ಮತ್ತೆ ಮಾತಿಗೆ ಬಂದಿದ್ದಾರೆ.

ದೇವರಾಜ ಮಾರುಕಟ್ಟೆ. ಸೊಪ್ಪಿನ ಸಾಲು.
ಕೂಗು, ತಕ್ಕಡಿ, ಹಾರ್ನು,
"ಅಕ್ಕಾ!"
ಯೋಚಿಸುವ ಮುಂಚೆ ಕತ್ತು ಎಡಕ್ಕೆ ತಿರುಗಿತ್ತು.
ಕರೆದದ್ದು ನನ್ನನ್ನಲ್ಲ, ಬೇರೆ ಯಾವುದೋ ಅಕ್ಕನನ್ನು.
ಇರಲಿ. ಎಡಗಡೆ ಅನ್ನುವುದೊಂದು ವಾಪಸು ಬಂತಲ್ಲ,
ಆ ಖುಷಿಗೆ ಮೂರು ಕಟ್ಟು ದಂಟು ಹೆಚ್ಚಿಗೆ ಕೊಂಡೆ.

ಸಂಜೆ, ಮಂಡಿ ಮೊಹಲ್ಲಾ, ರುಕಿಯಾ ಮನೆ.
ಸ್ಟವ್ವಿನ ಕಡೆ ಮುಖ ಮಾಡಿ ಟೀ ಕುದಿಸುತ್ತ
ಏನೋ ಕೇಳಿದಳು. ಅವಳ ಬೆನ್ನಿಗೇ ನಾನು
"ಸಕ್ಕರೆ ಕಮ್ಮಿ" ಅಂದೆ.
ಉತ್ತರ ನೋಡಲೆಂದು ಚಮಚ ಹಿಡಿದೇ ತಿರುಗಿದಳು.
ಉತ್ತರ ಆಗಲೇ ಮುಗಿದಿತ್ತು.
ಇಷ್ಟು ವರ್ಷದಲ್ಲಿ ಅವಳ ದನಿ
ಮುಖವಿಲ್ಲದೆ ನನ್ನ ಹತ್ತಿರ ಬಂದದ್ದು ಇದೇ ಮೊದಲು.
ಸ್ವಲ್ಪ ಗೊಗ್ಗರು.
ನಾನು ಅಂದುಕೊಂಡಿದ್ದಕ್ಕಿಂತ ವಯಸ್ಸಾಗಿದೆ ಅದಕ್ಕೆ.

ಇಷ್ಟು ಜೋರು ಬೇಡ ಕಣೇ, ಕೇಳಿಸುತ್ತೆ, ಅಂದೆ.
ಅವಳು ನನ್ನ ತುಟಿಯನ್ನೇ ನೋಡುತ್ತಿದ್ದಳು.
"ಏನಂದೆ?"